ಯೀಸ್ಟ್ ಮಾಷ್ಟ್ರು

ಪುತ್ತೂರು, ಸುಳ್ಯ, ಕಡಬ ಸುತ್ತಿನ ಯಾವ ಮದುವೆಗೆ ಹೋದರೂ ಒಬ್ಬ ನಿವೃತ್ತ ಕೆಮಿಸ್ಟ್ರಿ ಮಾಷ್ಟ್ರು ಸಿಕ್ಕಿಯೇ ಸಿಗುತ್ತಾರೆ. ಹೋಳಿಗೆ ಬಂದಾಗ ಉಳಿದವರಿಗೆ ಸಕ್ಕರೆ ಕಾಯಿಲೆ ನೆನಪಾದರೆ ಇವರಿಗೆ ಯೀಸ್ಟ್ ನೆನಪಾಗುತ್ತದೆ. "ಈ ಸಕ್ಕರೆ ಅದಕ್ಕೆ ಸಿಕ್ಕಿದ್ರೆ ಎಂತ ಮಾಡ್ತದೆ ಗೊತ್ತುಂಟಾ?" ಪಕ್ಕದ ಎಲೆಯವರು ಗೊತ್ತಿಲ್ಲ ಅಂದರೂ ಕೆಟ್ಟರು, ಗೊತ್ತುಂಟು ಅಂದರೂ ಕೆಟ್ಟರು.

ಚೀಲದಲ್ಲಿ ಸ್ಪೆಕ್ಟ್ರೋಸ್ಕೋಪ್ ಸದಾ ಸಿದ್ಧ. ಸ್ವಂತ ತಯಾರಿ: ಒಂದು ಚಪ್ಪಲಿ ಡಬ್ಬ, ಎರಡು ಬ್ಲೇಡುಗಳ ನಡುವೆ ಕೂದಲೆಳೆಯಷ್ಟು ಸಂದು, ಮನೆಯವರ ತಾಳಮದ್ದಳೆ ಸಿಡಿಯ ಒಂದು ಚೂರು. ಸಿಡಿಯಲ್ಲಿ ಮಿಲಿಮೀಟರಿಗೆ ಸುಮಾರು 625 ಗೆರೆಗಳಿರುವುದರಿಂದ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಳ್ಳುವುದೇನೋ ನಿಜ. ಅರ್ಥಗಾರಿಕೆಗೆ ಕತ್ತರಿ ಹಾಕಿದ್ದಕ್ಕೆ ಮನೆಯಲ್ಲಿ ಮಾತ್ರ ಇನ್ನೂ ಕ್ಷಮೆ ಸಿಕ್ಕಿಲ್ಲ.

ಅವರ ಇಷ್ಟದೇವರು ಡೇವಿಡ್ ಕೀಲಿನ್. 1925ರಲ್ಲಿ ಕೇಂಬ್ರಿಜ್‌ನ ಈ ವಿಜ್ಞಾನಿ, ಯೀಸ್ಟ್ ಕದಡಿದ ನೀರಿನ ಮೂಲಕ ಹಾಯ್ದ ಬೆಳಕಿನಲ್ಲಿ ತಾನು ಕಂಡ ನಾಲ್ಕು ಕಪ್ಪು ಪಟ್ಟೆಗಳ ವಿಷಯ ಬರೆದ. ಗಾಳಿ ಸೇರುವಂತೆ ಕುಲುಕಿದರೆ ಪಟ್ಟೆ ಮಾಯ. ಸುಮ್ಮನೆ ಬಿಟ್ಟರೆ, ಯೀಸ್ಟ್ ಆ ಆಮ್ಲಜನಕವನ್ನು ಮುಗಿಸಿದ ಕೂಡಲೇ, ಮತ್ತೆ ಹಾಜರು. ಸಕ್ಕರೆಯಿಂದ ಕಿತ್ತ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ದಾಟಿಸುವ ಸೈಟೋಕ್ರೋಮ್‌ಗಳ ಗುರುತು ಅವು. ಜೀವಕೋಶವನ್ನು ಒಡೆಯದೆಯೇ ಅದು ಉಸಿರಾಡುವುದನ್ನು ಕಣ್ಣಾರೆ ನೋಡಿದ ಹಾಗಾಯಿತಲ್ಲ! ಬೇಕರಿ ಯೀಸ್ಟ್ ಕದಡಿದ ಬಾಟಲಿ ಹಿಡಿದು ಮಾಷ್ಟ್ರು ಇದನ್ನು ಸುಳ್ಯದ ಬಸ್ಸಿನಲ್ಲೂ ವಿವರಿಸುತ್ತಾರೆ. ಕುಂಬ್ರ, ಕಾವು, ಜಾಲ್ಸೂರು ದಾಟುವಷ್ಟರಲ್ಲಿ ಕುಲುಕುವ ಕೆಲಸವನ್ನು ಬಸ್ಸೇ ಮುಗಿಸಿರುತ್ತದೆ.

ಮದುವೆ ಹಾಲಿನಲ್ಲಿ ಡಬ್ಬಕ್ಕೆ ಕಣ್ಣಿಟ್ಟವರಿಗೆ ಕಾಣುವುದು ಟ್ಯೂಬ್‌ಲೈಟಿನ ಪಾದರಸದ ಹಸಿರು ಗೆರೆ. ಆದರೆ ಪಾಯಸ ಬಂತೆಂದರೆ ಸಾಕು, ಎಲ್ಲರಿಗೂ ನಾಲ್ಕೂ ಪಟ್ಟೆ ಸ್ಪಷ್ಟವಾಗಿ ಕಂಡುಬಿಡುತ್ತವೆ.

ಕೊಕ್ಕೋ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ನಗುವಂತಿಲ್ಲ. 1986ರಲ್ಲಿ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ ತೆರೆದದ್ದು ಇದೇ ಪುತ್ತೂರಿನ ಕೆಮ್ಮಿಂಜೆಯಲ್ಲಿ. ಹಸಿಬೀಜಕ್ಕೆ ಅಂಟಿದ ಬಿಳಿ ಲೋಳೆಯ ಸಕ್ಕರೆಯನ್ನು ಯೀಸ್ಟ್ ಮದ್ಯ ಮಾಡುತ್ತದೆ, ಹಿಂದೆಯೇ ಬ್ಯಾಕ್ಟೀರಿಯಾ ಬಂದು ಆ ಮದ್ಯವನ್ನು ಹುಳಿ ಮಾಡುತ್ತವೆ, ರಾಶಿ 45–50 ಡಿಗ್ರಿಯವರೆಗೆ ಬಿಸಿಯೇರುತ್ತದೆ. ಇಷ್ಟಾಗದೆ ಎಷ್ಟು ಹುರಿದರೂ ಚಾಕಲೇಟಿನ ಪರಿಮಳ ಬರುವುದಿಲ್ಲ. ಮದ್ಯ ಎಂಬ ಮಾತು ಕಿವಿಗೆ ಬಿದ್ದ ಪುರೋಹಿತರು ಮೊಮ್ಮಗನ ಕೈಯ ಚಾಕಲೇಟನ್ನು ಅನುಮಾನದಿಂದ ನೋಡಿದರೆ, "ಒಣಗಿಸಿ ಹುರಿಯುವಾಗ ಹಾರಿಹೋಗ್ತದೆ ಮಾರಾಯ್ರೆ" ಎಂದು ಸಮಾಧಾನ ಹೇಳಿ ಮಾಷ್ಟ್ರು ಗೇರುಹಣ್ಣಿಗೆ ಹೊರಳುತ್ತಾರೆ. ಗೇರು ಸಂಶೋಧನಾ ನಿರ್ದೇಶನಾಲಯ ಪಕ್ಕದ ಮೊಟ್ಟೆತ್ತಡ್ಕದಲ್ಲೇ ಇರುವುದರಿಂದ ಆ ಅಧ್ಯಾಯ ವೀಳ್ಯದೊಳಗೆ ಮುಗಿಯುವಂಥದ್ದಲ್ಲ.