ಸ್ಕೀ ಬೈ ಟು

ಬ್ಯಾಡರಹಳ್ಳಿಯಲ್ಲಿ ಸಂಜೆ ಹೊತ್ತು ಮಾಗಡಿ ರಸ್ತೆಯ ಬೇಕರಿ ಮುಂದೆ, ಕಂಕುಳಲ್ಲಿ ರಟ್ಟಿನ ಉದ್ದ ನೋಟ್‌ಬುಕ್ ಸಿಕ್ಕಿಸಿಕೊಂಡು ನಿಂತವರ ಎದುರು, ‘ಎಲ್ಲಾದ್ರೂ ಹೋಗಿ ಬರೋಣ ಅಂತಿದೀವಿ ಸಾರ್’ ಎಂದು ಬಾಯಿತಪ್ಪಿಯೂ ಹೇಳಬೇಡಿ. ಹೇಳಿದಿರೋ, ಹೋಗಿಯೇ ಬರಬೇಕಾಗುತ್ತದೆ. ಅದೂ ಸ್ಲೀಪರ್ ಕ್ಲಾಸಿನಲ್ಲಿ.

ಎದುರಿಗೆ ಎಲ್ಲರೂ ಅವರನ್ನು ‘ಸಾರ್’ ಎನ್ನುತ್ತಾರೆ. ಬೆನ್ನ ಹಿಂದೆ ರೇಟಪ್ಪ. ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟುಗಳನ್ನು ಎಣಿಸಿ ಕೊಟ್ಟು, ಎಣಿಸಿ ವಾಪಸ್ ತೆಗೆದುಕೊಂಡು ನಿವೃತ್ತರಾದವರು. ನೆಲಕ್ಕೆ ಟೈಲ್ಸ್ ಹಾಕಿಸಿದಿರಾ, ‘ಚದರಡಿಗೆ ಎಷ್ಟು ಬಿತ್ತು?’ ಮಗಳ ಮದುವೆ ಮಾಡಿದಿರಾ, ‘ಎಲೆಗೆ ಎಷ್ಟು?’ ನೀವು ಯಾವ ಅಂಕಿ ಹೇಳಿದರೂ ಅವರ ಮುಖದಲ್ಲೊಂದು ಮರುಕ ಮೂಡುತ್ತದೆ. ಇಂಥವರು ಬೆಂಗಳೂರಿನ ಪ್ರತಿ ಲೇಔಟಿಗೂ ಒಬ್ಬೊಬ್ಬರಿದ್ದಾರೆ. ಬೇರೆಯವರು ತಿರುಪತಿ, ಧರ್ಮಸ್ಥಳಕ್ಕೆ ತೃಪ್ತರಾದರೆ ನಮ್ಮ ರೇಟಪ್ಪನವರ ಕಣ್ಣು ಹಿಮಾಲಯದ ಮೇಲೆ. ಹಿಮದ ಮೇಲೆ ಜಾರುವ ಸ್ಕೀಯಿಂಗ್ ಶ್ರೀಮಂತರ ಆಟವೆಂದು ಯಾರೋ ಅವರ ಮುಂದೆ ಅಂದುಬಿಟ್ಟಿದ್ದರು. ಶ್ರೀಮಂತರೆಂದರೆ ಅವರ ಪ್ರಕಾರ ರೇಟು ವಿಚಾರಿಸದೆ ದುಡ್ಡು ಕೊಡುವವರು, ಅಷ್ಟೆ.

‘ನಾವು ಮುದ್ದೆ ತಿನ್ನೋರು, ನಮಗ್ಯಾಕೆ ಸಾರ್ ಸ್ಕೀಯಿಂಗು?’ ಎಂದು ಯಾರಾದರೂ ನುಣುಚಿಕೊಳ್ಳಲು ನೋಡಿದರೆ ಉತ್ತರ ಸಿದ್ಧವಿದೆ. ‘ಕೊಡಗಲ್ಲಿ ಹಿಮ ಬೀಳುತ್ತೇನ್ರೀ? ಅಲ್ಲಿಯ ತೆಕ್ಕಡ ಭವಾನಿ ಗುಲ್ಮಾರ್ಗಕ್ಕೆ ಹೋಗಿ ಖೇಲೋ ಇಂಡಿಯಾದಲ್ಲಿ ಕರ್ನಾಟಕಕ್ಕೆ ಚಿನ್ನ ತರಲಿಲ್ವೇ?’ ಆಮೇಲೆ ದನಿ ತಗ್ಗಿಸಿ, ತಮ್ಮ ಮೆಚ್ಚುಗೆಯ ನಿಜವಾದ ಕಾರಣ ಹೇಳುತ್ತಾರೆ: ‘ಆ ಹುಡುಗಿ ಆಡೋದು ಕ್ರಾಸ್ ಕಂಟ್ರಿ. ಏರು ಬಂದ್ರೂ ತನ್ನ ಕಾಲಲ್ಲೇ ಹತ್ತಬೇಕು. ಲಿಫ್ಟ್ ಚಾರ್ಜೇ ಇಲ್ಲ!’

ಅವರ ಮೊದಲ ಸೂತ್ರ, ಕ್ರಿಸ್‌ಮಸ್ಸಿಗೆ ಹೋಗಬಾರದು. ‘ಆಗ ರೂಮಿನ ರೇಟು ಬೆಟ್ಟದ ಮೇಲೆ, ಹಿಮ ಇನ್ನೂ ಮೋಡದಲ್ಲಿ. ಜನವರಿ ಕೊನೆ, ಫೆಬ್ರವರಿ ಮೊದಲು ಹೋಗಿ. ಶನಿವಾರ ಭಾನುವಾರ ದೆಹಲಿಯವರಿಗೆ ಬಿಡಿ, ಸೋಮವಾರದಿಂದ ಜಾರಿ.’ ಎರಡನೆಯದು ರೈಲು. 2024ರ ನವೆಂಬರ್ 1ರಿಂದ ರೈಲ್ವೆಯವರು ಮುಂಗಡ ಬುಕಿಂಗನ್ನು 120 ದಿನದಿಂದ 60ಕ್ಕೆ ಇಳಿಸಿದಾಗ ಮನೆಯಲ್ಲಿ ಯಾರೋ ತೀರಿಕೊಂಡಂತೆ ಕೂತಿದ್ದರಂತೆ. ಈಗ ಸುಧಾರಿಸಿಕೊಂಡಿದ್ದಾರೆ. ಅರವತ್ತನೇ ದಿನ ಬೆಳಿಗ್ಗೆ ಎಂಟಕ್ಕೆ ಮನೆಯವರೆಲ್ಲ ಒಂದೊಂದು ಫೋನು ಹಿಡಿದು ಕೂರಬೇಕು. ಆ ಹೊತ್ತಿನಲ್ಲಿ ಕುಕ್ಕರ್ ಕೂಡ ಕೂಗುವಂತಿಲ್ಲ.

ದೆಹಲಿಯಲ್ಲಿ ಇಳಿದು ಹೋಗುವುದು ಅವರಿಗೆ ಒಗ್ಗದು. ಯಶವಂತಪುರದಿಂದ ಚಂಡೀಗಢಕ್ಕೆ ವಾರಕ್ಕೆ ಎರಡು ದಿನ ಸಂಪರ್ಕ ಕ್ರಾಂತಿ ಇದೆ. ಇಳಿದು ಸೆಕ್ಟರ್ 43ರ ನಿಲ್ದಾಣದಲ್ಲಿ ಹಿಮಾಚಲ ಸಾರಿಗೆಯ ರಾತ್ರಿ ಬಸ್ಸು ಹತ್ತಿದರೆ ಬೆಳಕು ಹರಿಯುವಾಗ ಮನಾಲಿಯ ದಾರಿ. ‘ರೈಲಲ್ಲಿ ಎರಡು ರಾತ್ರಿ, ಬಸ್ಸಲ್ಲಿ ಒಂದು. ಮೂರು ರಾತ್ರಿ ಲಾಡ್ಜ್ ಬಾಡಿಗೆ ಉಳೀತು ನೋಡಿ’ ಎನ್ನುತ್ತಾರೆ. ಸೊಂಟದ ಬಾಡಿಗೆ ಅವರ ಲೆಕ್ಕದಲ್ಲಿಲ್ಲ. ಇನ್ನು ಬ್ಯಾಡರಹಳ್ಳಿಯಿಂದ ಯಶವಂತಪುರಕ್ಕೆ ಹೆಂಗಸರೆಲ್ಲ ಬಿಎಂಟಿಸಿಯಲ್ಲಿ ಶಕ್ತಿ ಯೋಜನೆಯಡಿ ಉಚಿತ. ಗಂಡಸರ ಟಿಕೆಟ್ಟು ಮಾತ್ರ ಬಜೆಟ್ಟಿಗೆ ಬರುತ್ತದೆ. ಹಾಗಾಗಿ ತಂಡ ಕಟ್ಟುವಾಗ ಅವರು ಮಹಿಳಾ ಮೀಸಲಾತಿಯ ಪರ.

ನಿಜವಾಗಿ ಕಲಿಯುವ ಆಸೆಯಿರುವ ಹುಡುಗರು ಸಿಕ್ಕಿದರೆ ರೇಟಪ್ಪ ಗಂಭೀರರಾಗುತ್ತಾರೆ. ‘ಪ್ಯಾಕೇಜ್ ಟೂರಲ್ಲಿ ಅರ್ಧ ಗಂಟೆ ಜಾರಿ ಫೋಟೋ ತೆಗೆಸ್ಕೊಂಡ್ರೆ ಅದು ಸ್ಕೀಯಿಂಗ್ ಅಲ್ಲ. ಸರ್ಕಾರದ ಕೋರ್ಸ್ ಸೇರ್ಕೊಳಿ. ಮನಾಲಿಯಲ್ಲಿ ವಾಜಪೇಯಿ ಹೆಸರಿನ ಪರ್ವತಾರೋಹಣ ಸಂಸ್ಥೆ ಇದೆ, ಗುಲ್ಮಾರ್ಗದಲ್ಲಿ 1968ರಷ್ಟು ಹಳೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಔಲಿಯಲ್ಲಿ ಗಢವಾಲ್ ಮಂಡಲ ನಿಗಮದವರು ಕಲಿಸ್ತಾರೆ. ಊಟ, ವಸತಿ, ಸ್ಕೀ, ಗುರು, ಎಲ್ಲ ಒಂದೇ ಫೀಸಲ್ಲಿ.’ ಸೀಟು ಬೇಗ ತುಂಬುತ್ತದೆ, ವೈದ್ಯಕೀಯ ಪ್ರಮಾಣಪತ್ರ ಬೇಕು, ವಯಸ್ಸಿನ ಮಿತಿ ನೋಡಿಕೊಳ್ಳಬೇಕು ಎಂಬ ಎಚ್ಚರಿಕೆಯೂ ಜೊತೆಗೆ ಬರುತ್ತದೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಂತದ್ದನ್ನು ಹೇಳಿ, ‘ರಸ್ತೇಲೇ ಹೋಗ್ಬೇಕು, ಆ ಖರ್ಚು ಬೇರೆ ಬರ್ಕೊಳಿ’ ಎನ್ನುತ್ತಾರೆ. ಗುಲ್ಮಾರ್ಗದ ಗೊಂಡೋಲ ಎಂಬ ರೋಪ್‌ವೇಯ ಮಾತೆತ್ತಿದರೆ ಮಾತ್ರ ಸಿಡುಕು: ‘ಕಲಿಯೋನು ಹೇಗಿದ್ರೂ ಬೀಳೋನೇ. ಅದಕ್ಕೆ ದುಡ್ಡು ಕೊಟ್ಟು 4,000 ಮೀಟರ್ ಹತ್ತಿರಕ್ಕೆ ಯಾಕೆ ಹೋಗ್ಬೇಕು? ಕೆಳಗಡೆ ಪುಕ್ಕಟೆ ಬೀಳಬಹುದಲ್ಲ.’

ಆದರೆ ಅವರ ಪ್ರತಿಭೆ ಪೂರ್ತಿ ಹೊರಬೀಳುವುದು ಮನಾಲಿಯಿಂದ ಸೋಲಂಗ್ ಕಣಿವೆಗೆ ಹೋಗುವ ಹದಿಮೂರು ಕಿಲೋಮೀಟರಿನಲ್ಲಿ. ದಾರಿಯುದ್ದಕ್ಕೂ ಕೋಟು ಬೂಟು ಬಾಡಿಗೆಗೆ ಕೊಡುವ, ನಂಬರ್ ಹಾಕಿದ ಅಂಗಡಿಗಳು. ಟ್ಯಾಕ್ಸಿಯವನು ತನ್ನ ಕಮಿಷನ್ನಿನ ಅಂಗಡಿ ಮುಂದೆಯೇ ಬ್ರೇಕ್ ಹಾಕುತ್ತಾನೆ. ರೇಟಪ್ಪ ಇಳಿಯುವುದಿಲ್ಲ. ‘ಆಗೇ ಚಲೋ’ ಎನ್ನುತ್ತಾರೆ. ಅವರಿಗೆ ಬರುವ ಹಿಂದಿಯೇ ಅಷ್ಟು, ಅಲ್ಲಿ ಬೇಕಾಗಿರುವುದೂ ಅಷ್ಟೇ. ಕೋಟು ಬಾಡಿಗೆಗೆ ಸರಿ, ಥರ್ಮಲ್ಲು, ಕಾಲುಚೀಲ, ಕಪ್ಪು ಕನ್ನಡಕ ಬೆಂಗಳೂರಿನಿಂದಲೇ ಹೋಗಬೇಕು. ಜೀನ್ಸ್ ಹಾಕಿದವರನ್ನು ಯಶವಂತಪುರದಲ್ಲೇ ಪಕ್ಕಕ್ಕೆ ಕರೆದು ಬೈಯುತ್ತಾರೆ, ಒದ್ದೆಯಾದರೆ ಒಣಗುವುದಿಲ್ಲವೆಂದು. ಉಣ್ಣೆಯ ಕೈಗವಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗವಸು ಹಾಕಿಸುತ್ತಾರೆ. ಹಸಿರು ಕೈಗಳ ತಂಡವೊಂದು ಹಿಮದ ಮೇಲೆ ಕಂಡರೆ ಅದು ನಮ್ಮದೇ. ಸೋಲಂಗಿನಲ್ಲಿ ಮ್ಯಾಗಿ ಕೊಳ್ಳುವುದು ನಿಷಿದ್ಧ, ರೂಮಿನ ಕೆಟಲ್ಲಿನಲ್ಲಿ ಕಾಯಿಸಿದ ನೀರು ಗೊಜ್ಜವಲಕ್ಕಿಗೆ ಸಾಕು.

ಇಷ್ಟರ ನಡುವೆ ಅವರು ಕೈ ಬಿಗಿಹಿಡಿಯದ ಬಾಬತ್ತು ಎರಡೇ: ಕಲಿಸುವವನು ಮತ್ತು ಬೂಟು. ‘ಗುರು ಅಗ್ಗ ಆದ್ರೆ ಆಸ್ಪತ್ರೆ ದುಬಾರಿ’ ಎಂಬುದು ಅವರ ಗಾದೆ. ಬೂಟು ಸಡಿಲವಾದರೆ ಕಾಲು ಒಂದು ಕಡೆ, ಸ್ಕೀ ಒಂದು ಕಡೆ ಹೋಗುತ್ತದೆ.

ಸ್ಕೀಯನ್ನು ಮಾತ್ರ ಅವರು ದರ್ಶಿನಿಯ ಕಾಫಿಯಂತೆ ಬೈ ಟು ಮಾಡಿಸುತ್ತಾರೆ. ಹೊಸಬರು ಹತ್ತು ನಿಮಿಷ ಜಾರಿದರೆ ಹತ್ತು ನಿಮಿಷ ಏದುಸಿರು ಬಿಡುತ್ತಾರೆ. ಆ ಏದುಸಿರಿಗೆ ಬಾಡಿಗೆ ಯಾಕೆ? ಹಾಗೆಂದು ಯಾರನ್ನು ಬೇಕಾದರೂ ಜೋಡಿ ಮಾಡಲಾಗದು, ಸ್ಕೀಗೆ ಕಚ್ಚಿಕೊಳ್ಳುವ ಬೂಟು ಇಬ್ಬರಿಗೂ ಒಂದೇ ಅಳತೆಯದಾಗಬೇಕು. ಅದಕ್ಕೇ ಪ್ರವಾಸದ ಅರ್ಜಿಯಲ್ಲಿ ಹೆಸರಿನ ಮುಂದೆ ಪಾದದ ನಂಬರ್ ಬರೆಸುತ್ತಾರೆ. ಗಂಡ ಒಂಬತ್ತು, ಹೆಂಡತಿ ಐದಾದರೆ ಆ ದಾಂಪತ್ಯ ಸೋಲಂಗಿನಲ್ಲಿ ಊರ್ಜಿತವಲ್ಲ. ಒಮ್ಮೆ ವರ್ಷಗಟ್ಟಲೆ ಸೈಟಿನ ಗಡಿಗೆ ಜಗಳವಾಡಿಕೊಂಡು ಮಾತು ಬಿಟ್ಟಿದ್ದ ಇಬ್ಬರು ಎಂಟನೇ ನಂಬರಿನವರು ಒಂದೇ ಜೊತೆ ಬೂಟಿಗಾಗಿ ಮಾತಾಡಲೇಬೇಕಾಯಿತು. ‘ಬಿಚ್ರೀ’ ಎಂಬುದು ಮೊದಲ ಮಾತು.

ತಾವು ಮಾತ್ರ ರೇಟಪ್ಪ ಜಾರುವುದಿಲ್ಲ. ಇಳಿಜಾರಿನ ಬುಡದಲ್ಲಿ ಬ್ಯಾಗುಗಳನ್ನು ಕಾಯುತ್ತಾ, ನೋಟ್‌ಬುಕ್ಕಿನಲ್ಲಿ ಯಾರ ಪಾಳಿ ಎಷ್ಟು ಹೊತ್ತಿಗೆ ಮುಗಿಯಿತೆಂದು ಬರೆಯುತ್ತಾ ಕೂರುತ್ತಾರೆ. ಕೇಳಿದರೆ, ‘ನನ್ನದೊಂದು ಬಾಡಿಗೆ ಸೇರಿದ್ರೆ ತಲಾ ಖರ್ಚು ಏರುತ್ತೆ’ ಎನ್ನುತ್ತಾರೆ. ಊರಿಗೆ ಬಂದ ಮೇಲೆ ಮಿಕ್ಕ ಹಣವನ್ನು ಚಿಲ್ಲರೆ ಸಮೇತ ಮನೆಮನೆಗೂ ಮುಟ್ಟಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಬ್ಯಾಡರಹಳ್ಳಿ ಅವರನ್ನು ಎಷ್ಟೇ ಆಡಿಕೊಂಡರೂ ಮುಂದಿನ ಫೆಬ್ರವರಿಗೆ ಅವರ ಬೆನ್ನ ಹಿಂದೆಯೇ ಹೊರಡುವುದು ಇದಕ್ಕೇ.

ಹೋದ ಸಲ ಅವರ ಹೆಂಡತಿ ಹಟ ಹಿಡಿದರು. ‘ಊರೋರನ್ನೆಲ್ಲ ಜಾರಿಸಿದ್ರಿ, ನೀವೂ ಒಂದ್ಸಲ ಜಾರಿ, ದುಡ್ಡು ನಂದು’ ಎಂದು ಗುರುವಿನ ಕೈಗೆ ಅರ್ಧ ಗಂಟೆಯ ಬಾಡಿಗೆ ತುರುಕಿಯೇಬಿಟ್ಟರು. ರೇಟಪ್ಪ ನಿಂತರು, ಮುಂದಕ್ಕೆ ಬಾಗಿದರು, ಗುರು ಹೇಳಿದಂತೆ ಸ್ಕೀಗಳ ಮೂತಿ ಕೂಡಿಸಿ ಹಿಮ್ಮಡಿ ಅಗಲಿಸಿದರು. ಹತ್ತು ಮಾರು ಸೊಗಸಾಗಿ ಜಾರಿದರು. ಆಮೇಲೆ ಸ್ಕೀಗಳು ತಮ್ಮ ದಾರಿ ತಾವು ನೋಡಿಕೊಂಡವು. ಎಲ್ಲರೂ ಗಾಬರಿಯಾಗಿ ಓಡಿದೆವು. ಹಿಮದಲ್ಲಿ ಅಂಗಾತ ಬಿದ್ದಿದ್ದ ರೇಟಪ್ಪ ಹಸಿರು ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಗಡಿಯಾರ ನೋಡಿ ಕೂಗಿದರು:

‘ಇನ್ನೂ ಇಪ್ಪತ್ತೆರಡು ನಿಮಿಷ ಬಾಕಿ ಇದೆ! ಏಳನೇ ನಂಬರಿನೋರು ಯಾರ್ರೀ? ಬೇಗ ಬನ್ನಿ!’