ಕೊಲೆ ಓದುವ ಸಾಧು

ಪತ್ತೇದಾರಿ ಓದುಗನನ್ನು ಗುರುತಿಸಬೇಕಾದ್ದು ಆತನ ಸೌಮ್ಯ ಸ್ವಭಾವದಿಂದ. ಜಿರಲೆ ಕಂಡರೆ ಹೆಂಡತಿಯನ್ನು ಕೂಗುವ, ಮೀಟರಿನ ಮೇಲೆ ಹತ್ತು ರೂಪಾಯಿ ಕೇಳಿದ ಆಟೋದವನಿಗೆ ಇಪ್ಪತ್ತು ಕೊಟ್ಟು ಇಳಿಯುವ ಈತನಿಗೆ ವಾರಕ್ಕೆ ಮೂರು ಹೆಣವಾದರೂ ಬೀಳದಿದ್ದರೆ ಊಟ ಸೇರುವುದಿಲ್ಲ.

ಈ ಸಂತತಿ ಬೆಳೆದದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಲ್ಲಿ. ನಾಲ್ಕನೇ ತರಗತಿಗೇ ಶಾಲೆ ಮುಗಿಸಿದ ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ಹುಟ್ಟಿಸಿ, ಮುಂದೆ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ನವೆಂಬರ್ ಭಾಷಣಗಳಲ್ಲಿ ಈ ಮಾತು ಯಾಕೋ ಬರುವುದಿಲ್ಲ. ಇವರ ಪುಸ್ತಕಗಳನ್ನು ದಿನಬಾಡಿಗೆಗೆ ತಂದು ಗಣಿತದ ಪುಸ್ತಕದೊಳಗಿಟ್ಟು ಓದಿದ ಹುಡುಗರೇ ಇಂದಿನ ಪಿಂಚಣಿದಾರರು.

ಓದಿದ್ದರ ಪರಿಣಾಮ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಯಂಡಮೂರಿಯವರ ಮಾಟಮಂತ್ರದ ಕಾದಂಬರಿ ‘ತುಳಸಿದಳ’ ಮುಗಿಸಿದ ವಾರ, ಅಮಾವಾಸ್ಯೆಯ ಮರುದಿನ ರಸ್ತೆಯಲ್ಲಿ ನಿಂಬೆಹಣ್ಣು ಕಂಡರೆ ಆತ ಅರ್ಧ ಮೈಲಿ ಸುತ್ತಿಕೊಂಡು ಮನೆ ಸೇರುತ್ತಾನೆ. ಕಳ್ಳಸಾಗಣೆಯ ಸುಳಿಯಿರುವ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿ ಬಸ್ ಹತ್ತಿದರೆ, ಚೀಲ ಮಡಿಲಲ್ಲಿಟ್ಟುಕೊಂಡು ಕೂತವರೆಲ್ಲ ಅನುಮಾನಿತರು. ಮನೆಯಲ್ಲೂ ತನಿಖೆ ನಿಲ್ಲುವುದಿಲ್ಲ.

“ಹಾಲಿನವನು ಇವತ್ತು ಅರ್ಧ ಗಂಟೆ ತಡ. ಗಮನಿಸಿದೆಯಾ?”

“ಸೈಕಲ್ ಪಂಕ್ಚರ್ ಆಗಿತ್ತಂತೆ ಕಣ್ರೀ.”

“ಎಲ್ಲರೂ ಹಾಗೇ ಹೇಳೋದು.”

ರಾತ್ರಿ ಚಿಲಕವನ್ನು ಮೂರು ಸಲ ನೋಡಿ ಬರುತ್ತಾನೆ. ನಿಜವಾಗಿ ಏನೋ ಸದ್ದಾದಾಗ ಎದ್ದು ಹೋಗುವವರು ಹೆಂಡತಿ.

ಕೊಲೆಗಾರ ಯಾರೆಂದು ತಿಳಿದ ಮೇಲೆ ಈತನ ಬಾಯಲ್ಲಿ ಬರುವುದು ಒಂದೇ ಮಾತು: “ನನಗೆ ಆಗಲೇ ಗೊತ್ತಿತ್ತು.” ಯಾವಾಗ ಎಂದು ಕೇಳಬಾರದು. ಪುಸ್ತಕದ ನಡುವೆ ಅಡುಗೆಯವನು, ದಿವಾನರ ಮಗ, ಡಾಕ್ಟರು, ಎಲ್ಲರ ಮೇಲೂ ಒಂದೊಂದು ಸಲ ಆಪಾದನೆ ಹೊರಿಸಿರುವುದರಿಂದ ಯಾರು ಸಿಕ್ಕಿಬಿದ್ದರೂ ಭವಿಷ್ಯ ಸುಳ್ಳಾಗುವುದಿಲ್ಲ. ಅದೇ ಪುಸ್ತಕವನ್ನು ಪಕ್ಕದ ಮನೆಯವರು ಓದುತ್ತಿದ್ದರೆ ಕೊನೆಯನ್ನು ಹೇಳುವುದಿಲ್ಲ ಎಂದು ಆಣೆ ಮಾಡಿ, “ಆ ಡಾಕ್ಟರನ ಮೇಲೆ ಮಾತ್ರ ಒಂದು ಕಣ್ಣಿಟ್ಟಿರಿ” ಎಂದು ಹೇಳಿಯೇ ಎದ್ದುಬರುತ್ತಾನೆ.

ಮುಖಪುಟದ ಮೇಲೆ ‘ಸತ್ಯಕಥೆ’ ಎಂದಿದ್ದರೆ ಭಕ್ತಿಯೇ ಬೇರೆ. ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ ಈತನ ಪಾರಾಯಣ ಗ್ರಂಥ. ಸೈಬೀರಿಯಾದ ಸೆರೆಶಿಬಿರದಿಂದ ಓಡಿದವರು ಗೋಬಿ ಮರುಭೂಮಿ, ಹಿಮಾಲಯಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಭಾರತ ಮುಟ್ಟುವ ಕಥೆ ಅದು. ಮೂಲ ಪುಸ್ತಕ ಪೋಲೆಂಡಿನ ಸ್ಲಾವೋಮಿರ್ ರಾವಿಚ್ ಹೆಸರಿನಲ್ಲಿ 1956ರಲ್ಲಿ ಬಂತು. ಗೋಬಿಯ ಅಧ್ಯಾಯಕ್ಕೆ ಆತ ಎರಡು ಚೊಂಬು ನೀರು ಖಾಲಿ ಮಾಡುತ್ತಾನೆ, ಹಿಮಾಲಯ ಬಂದಾಗ ಫ್ಯಾನ್ ಆರಿಸುತ್ತಾನೆ. ಮಕ್ಕಳು ಬಸ್‌ಸ್ಟ್ಯಾಂಡಿಗೆ ನಡೆಯಲಾರೆವು ಎಂದರೆ ಈ ಕೈದಿಗಳನ್ನೇ ತೋರಿಸುತ್ತಾನೆ.

2006ರಲ್ಲಿ ಬಿಬಿಸಿ ಬೆಳಕಿಗೆ ತಂದ ಸೋವಿಯತ್ ದಾಖಲೆಗಳ ಪ್ರಕಾರ ರಾವಿಚ್ ಸೆರೆಯಿಂದ ಓಡಿಯೇ ಇರಲಿಲ್ಲ. 1942ರಲ್ಲಿ, ಪೋಲಿಷ್ ಕೈದಿಗಳಿಗೆ ಸಿಕ್ಕ ಕ್ಷಮಾದಾನದಲ್ಲಿ, ಬಿಡುಗಡೆಯಾಗಿದ್ದರು. ಸುದ್ದಿಯನ್ನು ಅಳಿಯ ಮೊಬೈಲಿನಲ್ಲಿ ತೋರಿಸಿದಾಗ ಓದುಗ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ, ಸ್ವಲ್ಪ ಹೊತ್ತು ಸುಮ್ಮನಿದ್ದ.

“ನನಗೆ ಆಗಲೇ ಅನುಮಾನವಿತ್ತು” ಎಂದ.

ಪುಸ್ತಕ ಎರವಲು ತಂದದ್ದು. ಇನ್ನೂ ವಾಪಸಾಗಿಲ್ಲ.