ಟೆಂಪರರಿ ಸಾರ್

ನಮ್ಮ ಆಫೀಸಿನ ಟೆಂಪರರಿ ಸಾರ್ ಮನೆಗೆ ಬೀಗ ಹಾಕುವುದನ್ನು ಒಮ್ಮೆಯಾದರೂ ನೋಡಬೇಕು. ಮೊದಲು ಬಾಗಿಲಿನ ಒಳಬೀಗ, ಆಮೇಲೆ ಚಿಲಕಕ್ಕೆ ಅಂಗೈಯಗಲದ ಹಿತ್ತಾಳೆ ಬೀಗ, ಕೊನೆಗೆ ಗ್ರಿಲ್ಲಿಗೆ ಇನ್ನೊಂದು. ತಾವು ಮೂರು ಸಲ ಜಗ್ಗುತ್ತಾರೆ, ನಾಲ್ಕನೆಯ ಸಲ ಹೆಂಡತಿಯ ಕೈಲಿ ಜಗ್ಗಿಸುತ್ತಾರೆ. ಬಸ್‌ಸ್ಟಾಪಿನ ತನಕ ಹೋದವರು ಅನುಮಾನ ಬಂದು ವಾಪಸಾಗಿ ಐದನೆಯ ಸಲ ಜಗ್ಗುವುದೂ ಉಂಟು. ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳಲು ಬಂದರೆ ಗ್ರಿಲ್ಲಿನ ಸಂದಿಯಿಂದಲೇ ದಾಟಿಸುವ ಪ್ರಾಣಿ.

ಇದೇ ಮನುಷ್ಯ ಸರ್ವರ್ ಮುಂದೆ ಕೂತರೆ ದಾನಶೂರ ಕರ್ಣ.

ನಾವು ಬಾಡಿಗೆಗೆ ಹಿಡಿದಿರುವ ವರ್ಚುವಲ್ ಸರ್ವರ್ ಅಂದರೆ ಯಾವುದೋ ಡೇಟಾ ಸೆಂಟರಿನ ದೊಡ್ಡ ಯಂತ್ರವೆಂಬ ವಠಾರದಲ್ಲಿ ಒಂದು ಮನೆ. ಈ ಮನೆಗೆ ಬಾಗಿಲು ಒಂದೆರಡಲ್ಲ, 0ಯಿಂದ ಶುರುವಾಗಿ 65535ರ ತನಕ ನಂಬರು ಹಾಕಿಕೊಂಡು ನಿಂತಿವೆ. ಬೇಕಾದ್ದನ್ನು ಮಾತ್ರ ತೆಗೆದು, ಮಿಕ್ಕದ್ದನ್ನು ಮುಚ್ಚಿ, ತೆಗೆದದ್ದಕ್ಕೂ ಯಾರು ಬರಬಹುದು ಅಂತ ವಿಳಾಸ ಬರೆದಿಡುವುದು ಫೈರ್‌ವಾಲ್ ಧರ್ಮ. ಸಾರ್ ಧರ್ಮವೇ ಬೇರೆ. "ಅಪ್ಲಿಕೇಶನ್ ಬರ್ತಿಲ್ಲ ಸಾರ್" ಅಂದರೆ ಸಾಕು, ಲಾಗ್ ಕಡೆ ಕಣ್ಣೂ ಹಾಯಿಸದೆ, "ಟೆಂಪರರಿಯಾಗಿ ಎಲ್ಲಾ ಓಪನ್ ಮಾಡ್ಬಿಡಪ್ಪ, ಆಮೇಲೆ ಮುಚ್ಚಿದ್ರಾಯ್ತು" ಅನ್ನುತ್ತಾರೆ. ಯಾರಿಗೆ ಪ್ರವೇಶ ಎಂಬ ಜಾಗದಲ್ಲಿ 0.0.0.0/0 ಎಂದು ಬರೆಸುತ್ತಾರೆ. ಭೂಮಂಡಲದ ಸಮಸ್ತರೂ ಸಕುಟುಂಬ ಸಪರಿವಾರ ಸಮೇತರಾಗಿ ಬರಬೇಕೆಂಬುದೇ ಅದರ ಅರ್ಥ. ಮದುವೆ ಕರೆಯೋಲೆಯಲ್ಲಾದರೂ ತಾರೀಖು ಅಂತ ಒಂದಿರುತ್ತದೆ.

ಆ ರೂಲ್‌ಗಳಿಗೆ ಇಟ್ಟ ಹೆಸರುಗಳನ್ನು ನೋಡಿ: ಟೆಂಪ್, ಟೆಂಪ್ 2, ಟೆಂಪ್ ಹೊಸದು, ಟೆಂಪ್ ಫೈನಲ್. ಮೊದಲನೆಯ ಟೆಂಪ್ ನಾನು ಕೆಲಸಕ್ಕೆ ಸೇರುವ ಮುಂಚಿನದು. ಮನುಷ್ಯನಾಗಿ ಹುಟ್ಟಿದ್ದರೆ ಇಷ್ಟು ಹೊತ್ತಿಗೆ ಗ್ರಾಚ್ಯುಟಿಗೆ ಅರ್ಹನಾಗಿರುತ್ತಿದ್ದ.

ಹಾಗಂತ ಸಾರ್ ದಡ್ಡರಲ್ಲ. ಪೋರ್ಟ್ ಎಂಬ ಈ ಒಂದೊಂದು ಬಾಗಿಲಿನ ಜಾತಕವೂ ಅವರ ನಾಲಗೆಯ ಮೇಲಿದೆ. ದೂರದಿಂದಲೇ ಸರ್ವರ್ ಒಳಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ಗೆ 22 ಹೇಗೆ ಬಂತು? 21ರಲ್ಲಿ ಎಫ್‌ಟಿಪಿ, 23ರಲ್ಲಿ ಟೆಲ್ನೆಟ್, ನಡುವಿನ ಸೈಟು ಖಾಲಿ ಬಿದ್ದಿತ್ತು. 1995ರಲ್ಲಿ ಫಿನ್ಲೆಂಡಿನ ತಾತು ಯುಲೋನೆನ್ ಒಂದು ಮೇಲ್ ಬರೆದು ಕೇಳಿದ, ಕೊಟ್ಟೇಬಿಟ್ಟರು. "ಒಂದೇ ಒಂದು ಮೇಲಿಗೆ ಸೈಟು ಕಣಯ್ಯ!" ಎಂದು ಸಾರ್ ನಿಟ್ಟುಸಿರು ಬಿಡುತ್ತಾರೆ. ರೆಡಿಸ್ ಎಂಬ ಡೇಟಾಬೇಸಿಗೆ 6379 ಯಾಕೆ? ಹಳೇ ಮೊಬೈಲಿನ ಗುಂಡಿಗಳ ಮೇಲೆ ಇಟಲಿಯ ಟಿವಿ ತಾರೆ ಅಲೆಸ್ಸಿಯಾ ಮೆರ್ಜ್ ಅವರ ಅಡ್ಡಹೆಸರು ಒತ್ತಿದರೆ ಬರುವ ಅಂಕಿ ಅದು. ಇಷ್ಟೆಲ್ಲ ಹೇಳಿ ಮುಗಿಸಿ 6379ನ್ನೂ ಟೆಂಪರರಿಯಾಗಿ ತೆಗೆಸಿದರು.

ನಾನೊಮ್ಮೆ ಹೆದರಿಸಿ ನೋಡಿದೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಹೀಗೇ ತೆರೆದಿಟ್ಟಿದ್ದ ಮಾಂಗೊಡಿಬಿಗಳಿಗೆ ಕಳ್ಳರು ನುಗ್ಗಿ, ಸಾವಿರಾರು ಡೇಟಾಬೇಸ್ ಅಳಿಸಿಹಾಕಿ, ಬಿಟ್‌ಕಾಯಿನ್ ಕೊಟ್ಟರೆ ವಾಪಸು ಎಂದು ಚೀಟಿ ಇಟ್ಟು ಹೋಗಿದ್ದರು ಅಂದೆ. "ನಮ್ಮತ್ರ ಕದಿಯೋಕೆ ಏನಿದೆಯಯ್ಯ?" ಅಂದರು. ನಿಮ್ಮ ಮನೆಯಲ್ಲಾದರೂ ಒಂದು ಮಿಕ್ಸಿ, ಒಂದು ಹಳೇ ಟಿವಿ ಬಿಟ್ಟರೆ ಏನಿದೆ ಎಂಬ ಮಾತು ಬಾಯಿಯ ತನಕ ಬಂತು. ಮುಂದಿನ ತಿಂಗಳು ಅಪ್ರೈಸಲ್ ಇತ್ತು, ನುಂಗಿಕೊಂಡೆ.

ಕಳೆದ ವರ್ಷ 8080ರಲ್ಲಿ ಏರಿಸಿದ ಹೊಸ ಅಪ್ಲಿಕೇಶನ್ ಹೊರಗಿನಿಂದ ಕಾಣಿಸಲೇ ಇಲ್ಲ. ಸಾರ್ ಮೊದಲು ವಠಾರದ ಗೇಟು ತೆಗೆಸಿದರು, ಅಂದರೆ ಕ್ಲೌಡಿನವರ ಸೆಕ್ಯುರಿಟಿ ಗ್ರೂಪು. ಬರಲಿಲ್ಲ. ಮನೆಬಾಗಿಲು ತೆಗೆಸಿದರು, ಅಂದರೆ ಲಿನಕ್ಸ್ ಒಳಗಿನ ಫೈರ್‌ವಾಲ್. ಉಹೂಂ. ಕೊನೆಗೆ ಫೈರ್‌ವಾಲನ್ನೇ ಆಫ್ ಮಾಡಿಸಿ, ಬಾಗಿಲನ್ನು ಕೀಲು ಸಮೇತ ಕಿತ್ತಿಟ್ಟು ಕ್ಲೌಡಿನವರನ್ನು ಬೈಯುತ್ತಾ ಊಟಕ್ಕೆ ಹೋದರು. ಅಷ್ಟರಲ್ಲಿ ಹೊಸದಾಗಿ ಸೇರಿದ್ದ ಟ್ರೈನಿ ಹುಡುಗಿ ಎರಡಕ್ಷರದ ಕಮಾಂಡ್ ಒತ್ತಿ, ಯಾವ ಪ್ರೋಗ್ರಾಂ ಎಲ್ಲಿ ಕಿವಿಗೊಟ್ಟು ಕೂತಿದೆ ಎಂದು ನೋಡಿದಳು. ನಮ್ಮದು 127.0.0.1ರಲ್ಲಿ ಕೂತಿತ್ತು. ಅದು ಸರ್ವರ್ ತನ್ನೊಡನೆ ತಾನೇ ಮಾತಾಡಿಕೊಳ್ಳುವ ವಿಳಾಸ. ಊರಿಗೆಲ್ಲ ಬಾಗಿಲು ತೆರೆದಿಟ್ಟು ಯಜಮಾನರು ದೇವರಮನೆಯಲ್ಲಿ ಜಪಕ್ಕೆ ಕೂತ ಹಾಗೆ. ಸೆಟ್ಟಿಂಗಿನಲ್ಲಿ ಒಂದು ಸಾಲು ತಿದ್ದಿದಳು, ಬಂತು. "ಕಿತ್ತಿಟ್ಟ ಬಾಗಿಲು ಸಾರ್?" ಎಂದು ಕೇಳಿದಳು. "ಇರ್ಲಿ ಬಿಡಮ್ಮ, ಟೆಂಪರರಿ."

ಮೊನ್ನೆ ಗಿರಾಕಿ ಕಂಪನಿಯಿಂದ ಆಡಿಟ್‌ಗೆ ಬರುತ್ತಾರೆ ಎಂಬ ಸುದ್ದಿ ಬಂದಾಗ ಸಾರ್ ಸ್ವತಃ ಕೀಬೋರ್ಡ್ ಹಿಡಿದರು. ಹಳೇ ರೂಲ್‌ಗಳನ್ನೆಲ್ಲ ಗುಡಿಸಿ ಹಾಕಿದರು. ಹೊರಗಿನಿಂದ ಯಾರೂ ಬರಕೂಡದೆಂದು ಬರೆದು, 80ಕ್ಕೆ ವಿನಾಯಿತಿ ಕೊಟ್ಟರು, 443ಕ್ಕೆ ಕೊಟ್ಟರು, 8080ಕ್ಕೂ ಕೊಟ್ಟರು. ಎನೇಬಲ್ ಅಂದಾಗ ಸರ್ವರಿನ ಉಬುಂಟು ಲಿನಕ್ಸ್ ಪಾಪ ಕೇಳಿತು: ಈಗಿರುವ ಎಸ್‌ಎಸ್‌ಎಚ್ ಸಂಪರ್ಕಕ್ಕೆ ತೊಂದರೆಯಾಗಬಹುದು, ಮುಂದುವರಿಯಲೇ? ಸಾರ್ ಓದದೆಯೇ ವೈ ಒತ್ತಿದರು. ಏನೂ ಆಗಲಿಲ್ಲ, ಏಕೆಂದರೆ ಮೊದಲೇ ಒಳಗಿದ್ದವರನ್ನು ಅದು ಹೊರಗೆ ದಬ್ಬುವುದಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಬಚಾವಾಗುತ್ತಿದ್ದರು. ಆದರೆ ಬೀಗ ಹಾಕಿದ ಮೇಲೆ ಜಗ್ಗದೆ ಬಿಡುವ ಕೈ ಅಲ್ಲವಲ್ಲ ಅದು! ಬಿತ್ತೋ ಇಲ್ಲವೋ ನೋಡೋಣವೆಂದು ಲಾಗೌಟ್ ಆಗಿ, ಮತ್ತೆ ಲಾಗಿನ್ ಒತ್ತಿದರು.

ಬೀಗ ಭದ್ರವಾಗಿ ಬಿದ್ದಿತ್ತು. ತಾವೇ ಒಳಗೆ ಹೋಗಬೇಕಾದ 22ನ್ನು ಮರೆತಿದ್ದರು.

ಕ್ಲೌಡಿನವರ ಕನ್ಸೋಲ್ ಎಂಬ ಹಿತ್ತಿಲ ಬಾಗಿಲು ಒಂದಿದೆ, ಅದಕ್ಕೆ ರೂಟ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಎಲ್ಲಿ ಸಾರ್ ಅಂದೆ. ಚೀಟಿಯಲ್ಲಿ ಬರೆದು ಮನೆಯ ಬೀರುವಿನಲ್ಲಿ ಇಟ್ಟಿದ್ದಾರಂತೆ, ಮೂರು ಬೀಗದಾಚೆ. ಆಟೋ ಹಿಡಿಯಲು ಓಡಿದರು. ಲಿಫ್ಟಿನ ತನಕ ಹೋದವರು ಏದುಸಿರು ಬಿಡುತ್ತಾ ವಾಪಸ್ ಬಂದು, ನನ್ನ ಹೆಗಲು ಹಿಡಿದು ಪಿಸುಗುಟ್ಟಿದರು:

"ನನ್ನ ಸ್ಕ್ರೀನ್ ಲಾಕ್ ಆಗಿದ್ಯಾ ನೋಡಪ್ಪ."